ಅರ್ಧ ಮಿಲಿಮೀಟರ್ ತೂತು

ಹಳೇ ಗಾಡಿಗೆ ಬೇರೆ ಎಂಜಿನ್ ಹಾಕೋದು ತಪ್ಪಾ ಅಂತ ನಮ್ಮೂರಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಕೇಳಿದವನ ತಲೆ ನೆಟ್ಟಗಿದೆಯಾ ಅಂತ ನೋಡ್ತಾರೆ. ಜೋಡಿಯಲ್ಲಿ ಒಂದು ಎತ್ತು ಹೋದರೆ ಇನ್ನೊಂದನ್ನು ತಂದು ಅದೇ ಗಾಡಿಗೆ ಕಟ್ಟಲ್ವಾ, ಇದೂ ಹಾಗೇ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಡೆ ಮದುವೆಗಳಿಗೆ ಬಾಡಿಗೆಗೆ ಬರುತ್ತಿದ್ದ ಅಂಬಾಸಿಡರ್‌ಗಳಲ್ಲಿ ಹುಟ್ಟಿನಿಂದ ಇದ್ದ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವು ಕಡಿಮೆ. ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿ, ಆರ್‌ಸಿ ಬುಕ್ಕಿನಲ್ಲಿ ಒಂದು ಸಾಲು ಬರೆಸಿದರೆ ಮುಗೀತು. ಬರೆಸದವರೂ ಇದ್ದರು. ಮೈಲೇಜ್ ಎಷ್ಟು ಕೊಡುತ್ತೆ ಅಂತ ಎಲ್ಲರೂ ಕೇಳುತ್ತಿದ್ದರು. ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಆಕಾಶ ಅಷ್ಟು ದೊಡ್ಡದಿತ್ತು, ಗಾಡಿಗಳು ಅಷ್ಟು ಕಡಿಮೆ ಇದ್ದವು.

ನಾನೀಗ ಇರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿ ಎಂಜಿನ್ ಬದಲಿಸೋದಕ್ಕೆ ಅಡ್ಡಿ ಇಲ್ಲ, ಆದರೆ ಷರತ್ತುಗಳಿವೆ. ಹೊಸದಾಗಿ ಹಾಕುವ ಎಂಜಿನ್ ಕಾರಿನ ಮಾಡೆಲ್ ವರ್ಷದ್ದೇ ಆಗಿರಬೇಕು ಅಥವಾ ಅದಕ್ಕಿಂತ ಈಚಿನದಾಗಿರಬೇಕು. ಕಾರಿಗೆ ಭಾರೀ ಲಾರಿಯ ಎಂಜಿನ್ ಹಾಕುವ ಹಾಗಿಲ್ಲ. ಕ್ಯಾಲಿಫೋರ್ನಿಯಾ ಪ್ರಮಾಣಪತ್ರ ಪಡೆದ ಕಾರಿಗೆ ಅದೇ ಪ್ರಮಾಣಪತ್ರ ಇರುವ ಎಂಜಿನ್ನೇ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಒಂಟಿಯಾಗಿ ಬರುವಂತಿಲ್ಲ. ಅದು ಮೊದಲಿದ್ದ ಕಾರಿನಲ್ಲಿ ಹೊಗೆ ಹತೋಟಿಗೆ ಏನೇನಿತ್ತೋ ಅಷ್ಟೂ ಜೊತೆಗೆ ಬರಬೇಕು: ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದುಮುಂದಿನ ಆಕ್ಸಿಜನ್ ಸೆನ್ಸರ್‌ಗಳು, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರ್, ಎಂಜಿನ್ ನಡೆಸುವ ಕಂಪ್ಯೂಟರ್, ಅದರ ವೈರಿಂಗ್. ಸೊಸೆ ತವರಿನಿಂದ ಪಾತ್ರೆಪಗಡದ ಸಮೇತ ಬಂದ ಹಾಗೆ. ಎಲ್ಲ ಜೋಡಿಸಿದ ಮೇಲೆ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ನೇಮಿಸಿದ ರೆಫರಿ ಹತ್ತಿರ ಸಮಯ ತಗೊಂಡು ಹೋಗಬೇಕು. ಆತ ಒಂದೊಂದೇ ಭಾಗ ನೋಡಿ, ಪರೀಕ್ಷೆ ಮಾಡಿ, ಸರಿ ಇದ್ದರೆ ಕಾರಿಗೆ ಒಂದು ಲೇಬಲ್ ಅಂಟಿಸುತ್ತಾನೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಮಾಡುವ ಯಾವ ಅಂಗಡಿಯವನೂ ಆ ಲೇಬಲ್ ನೋಡಿ, ಈ ಕಾರಿನಲ್ಲಿ ಇರಬೇಕಾದ್ದು ಇದೇ ಎಂಜಿನ್ ಅಂತ ತಿಳಿಯುತ್ತಾನೆ.

ಇಷ್ಟನ್ನು ನಾನು ಕಲಿತದ್ದು ಒಬ್ಬ ಗೆಳೆಯನ ದೆಸೆಯಿಂದ. ಮಂಡ್ಯ ಕಡೆಯವನು, ನನ್ನ ಹಾಗೇ ಬಿ.ಇ. ಮಾಡಿ ಸಾಫ್ಟ್‌ವೇರ್‌ಗೆ ಬಿದ್ದವನು. ಆದರೆ ಕೈ ಮಾತ್ರ ಗ್ರೀಸ್ ಕೇಳುತ್ತೆ. ಅವನ ಹತ್ತಿರ 2000ನೇ ಇಸವಿಯ ಹೋಂಡಾ ಸಿವಿಕ್ ಇದೆ. ಅದಕ್ಕೆ 2003ರ ಅಕ್ಯೂರಾ ಆರ್‌ಎಸ್‌ಎಕ್ಸ್ ಟೈಪ್ ಎಸ್ ಕಾರಿನ ಎರಡು ಲೀಟರ್ ಎಂಜಿನ್ ಹಾಕಿದ. ಇನ್ನೂರು ಅಶ್ವಶಕ್ತಿ. ಆ ಪುಟ್ಟ ಕಾರಿಗೆ ಅದು ವಿಪರೀತವೇ ಸರಿ. ಗುಜರಿಯಿಂದ ತರುವಾಗಲೇ ಕ್ಯಾಲಿಫೋರ್ನಿಯಾದ ಎಂಜಿನ್ ಅಂತ ಖಾತ್ರಿ ಮಾಡಿಕೊಂಡಿದ್ದ, ಪಟ್ಟಿಯಲ್ಲಿದ್ದ ಎಲ್ಲವನ್ನೂ ಕೂರಿಸಿದ್ದ. ಆದರೆ ಒಂದು ವಾರ ಓಡಿಸಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿತು. ಪೆಟ್ರೋಲ್ ಟ್ಯಾಂಕಿನ ಆವಿ ಎಲ್ಲೋ ಸಣ್ಣಗೆ ಸೋರುತ್ತಿದೆ ಅಂತ ಕಂಪ್ಯೂಟರ್‌ನ ದೂರು. ದೀಪ ಹತ್ತಿದ್ದರೆ ರೆಫರಿ ಪಾಸ್ ಮಾಡಲ್ಲ.

ಸಣ್ಣ ಸೋರಿಕೆ ಅಂದ್ರೆ ಎಷ್ಟು ಸಣ್ಣದು ಅಂತ ಹೇಳಬೇಕು. ಆ ಕಾಲದಿಂದೀಚೆಗಿನ ಕಾರುಗಳ ಕಂಪ್ಯೂಟರ್ ಅರ್ಧ ಮಿಲಿಮೀಟರ್ ಅಗಲದ ತೂತನ್ನೂ ಪತ್ತೆ ಹಚ್ಚಬೇಕು ಅಂತ ನಿಯಮ. ಟ್ಯಾಂಕು, ಪೈಪುಗಳನ್ನೆಲ್ಲ ಒಳಗಿನಿಂದ ಮುಚ್ಚಿ, ಒತ್ತಡ ನಿಲ್ಲುತ್ತಾ ಇಳಿಯುತ್ತಾ ಅಂತ ನೋಡುತ್ತೆ. ಗುಂಡುಸೂಜಿ ಚುಚ್ಚಿದಷ್ಟು ತೂತು. ಅವನು ಪೆಟ್ರೋಲ್ ಮುಚ್ಚಳ ಬದಲಿಸಿದ, ಕೈಗೆ ಸಿಗುವ ರಬ್ಬರ್ ಪೈಪೆಲ್ಲ ಬದಲಿಸಿದ. ದೀಪ ಆರಲಿಲ್ಲ. ಒಂದು ಭಾನುವಾರ ಫೋನ್ ಮಾಡಿದ.

"ಲೋ, ನೀನು ಫರ್ಮ್‌ವೇರ್ ಬರೆಯೋನು. ಆ ಒಂದು ಟೆಸ್ಟ್ ಯಾವತ್ತೂ ಮುಗೀದೇ ಇರೋ ಹಾಗೆ ಮಾಡಿಕೊಡೋಕಾಗಲ್ವೇನೋ?"

ಇಲ್ಲಿ ಸ್ವಲ್ಪ ವಿವರ ಬೇಕು, ಯಾಕಂದ್ರೆ ಅವನು ಕೇಳಿದ್ದು ಮೇಲ್ನೋಟಕ್ಕೆ ಕಾಣುವಷ್ಟು ಸರಳ ಮೋಸ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಅದಕ್ಕಿಂತ ಈಚಿನ ಪೆಟ್ರೋಲ್ ಕಾರುಗಳ ಸೈಲೆನ್ಸರ್‌ಗೆ ಕೊಳವೆ ತೂರಿಸಿ ಹೊಗೆ ಅಳೆಯೋದಿಲ್ಲ. ಕಾರಿನ ಕಂಪ್ಯೂಟರ್‌ಗೆ ವೈರ್ ಸಿಕ್ಕಿಸಿ, ನೀನು ಹೇಗಿದ್ದೀಯಪ್ಪಾ ಅಂತ ಅದನ್ನೇ ಕೇಳ್ತಾರೆ. ಓಡುತ್ತಿರುವಾಗ ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಿರುತ್ತೆ. ಕನ್ವರ್ಟರ್ ಸರಿ ಇದೆ, ಸೆನ್ಸರ್ ಸರಿ ಇದೆ, ಇಂಥದ್ದರ ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಉತ್ತರ ಕೊಡುತ್ತೆ. ಮುಗಿಯದ ಪರೀಕ್ಷೆ ಇದ್ದರೆ ಸಾಮಾನ್ಯವಾಗಿ ಫೇಲ್. ಆದರೆ ಒಂದಕ್ಕೆ ಮಾತ್ರ ವಿನಾಯಿತಿ ಇದೆ, ಅದು ಈ ಆವಿಯ ಪರೀಕ್ಷೆಗೆ. ಯಾಕಂದ್ರೆ ಅದು ಸುಲಭಕ್ಕೆ ನಡೆಯೋದಿಲ್ಲ. ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಇರಬಾರದು, ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಾಗಿರಬೇಕು, ಹೊರಗಿನ ಬಿಸಿಲು ಚಳಿ ಒಂದು ಮಿತಿಯಲ್ಲಿರಬೇಕು. ಪ್ರಾಮಾಣಿಕ ಕಾರಿನಲ್ಲೂ ಅದು ವಾರಗಟ್ಟಲೆ ಮುಗಿಯದೇ ಇರಬಹುದು. ಅದಕ್ಕೇ, ಅದೊಂದು ಬಾಕಿ ಇದ್ದರೆ ಪರವಾಗಿಲ್ಲ ಅಂತ ಬಿಟ್ಟಿದ್ದಾರೆ.

ಅವನ ವಾದ ಕೇಳಿ. "ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ. ಟೆಸ್ಟ್ ಪಾಸಾಯ್ತು ಅಂತ ತೋರಿಸೋದು ಬೇಡ, ಬರೀ ಮುಗಿದಿಲ್ಲ ಅಂತ ತೋರಿಸಿದ್ರೆ ಸಾಕು. ಅವರೇ ಬಿಟ್ಟಿರೋ ಸಂದಿ ಕಣೋ ಅದು. ಅರ್ಧ ಮಿಲಿಮೀಟರ್ ತೂತಿಗೆ ಲೋಕ ಮುಳುಗುತ್ತಾ? ನಿಂತಿರೋ ಗಾಡಿಯಿಂದ ಯಾವ ಹೊಗೆ ಬರುತ್ತೆ?"

ನಾನು ಆಗಲ್ಲ ಅಂದೆ. ಅವನಿಗೆ ಬೇಜಾರಾಯಿತು. ಆದರೆ ಆಗಲ್ಲ ಅಂದಷ್ಟು ಸಲೀಸಾಗಿ ಯಾಕೆ ಅಂತ ಹೇಳೋಕೆ ನನಗೂ ಬರಲಿಲ್ಲ. ಫೋನ್ ಇಟ್ಟ ಮೇಲೆ ನನ್ನನ್ನು ಕಾಡಿದ್ದು ಅವನ ಎರಡು ಮಾತು, ಒಂದು ಹೊಗೆಯದು, ಇನ್ನೊಂದು ಸಂದಿಯದು.

ಮೊದಲು ಹೊಗೆ. ನಿಂತಿರೋ ಗಾಡಿಯಿಂದ ಹೊಗೆ ಬರಲ್ಲ, ನಿಜ. ಲಾಸ್ ಏಂಜಲೀಸಿನವರೂ ಒಂದು ಕಾಲಕ್ಕೆ ಹೀಗೇ ಅಂದುಕೊಂಡಿದ್ದರು. 1943ರ ಜುಲೈನಲ್ಲಿ ಆ ಊರಿನ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ ಜನ ಬೈದದ್ದು ಒಂದು ಕೃತಕ ರಬ್ಬರ್ ಸಾಮಗ್ರಿಯ ಕಾರ್ಖಾನೆಯನ್ನು. ಕಣ್ಣಿಗೆ ಕಾಣುವ ಚಿಮಣಿ, ಕಣ್ಣಿಗೆ ಕಾಣುವ ಅಪರಾಧಿ. ಗುಟ್ಟು ಬಿಡಿಸಿದ್ದು ಆರಿ ಹಾಗೆನ್-ಸ್ಮಿಟ್ ಅನ್ನೋ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದವರು. 1950ರ ದಶಕದ ಶುರುವಿನಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಆ ಮಬ್ಬು ಯಾವ ಕೊಳವೆಯಿಂದಲೂ ಹಾಗೇ ಹೊರಗೆ ಬರುವುದಿಲ್ಲ. ಉರಿಯದ ಪೆಟ್ರೋಲಿನ ಆವಿಯೂ ಎಂಜಿನ್ ಶಾಖದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳೂ ಗಾಳಿಯಲ್ಲಿ ಸೇರಿ, ಬಿಸಿಲು ಬಿದ್ದಾಗ ಓಝೋನ್ ಆಗುತ್ತೆ. ಅಡುಗೆ ನಡೆಯೋದು ಆಕಾಶದಲ್ಲಿ, ನಾವು ಕೊಡೋದು ಸಾಮಾನು ಮಾತ್ರ. 1967ರಲ್ಲಿ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದದ್ದೂ ಅವರೇ.

ಅಂದ ಮೇಲೆ ಗೆಳೆಯನ ಟ್ಯಾಂಕಿನಿಂದ ಸೋರುವ, ಕಣ್ಣಿಗೂ ಕಾಣದ ಆವಿ ಆ ಅಡುಗೆಯ ಮುಖ್ಯ ಸಾಮಾನುಗಳಲ್ಲೊಂದು. ಗಾಡಿ ನಿಂತಿದ್ದಾಗಲೂ, ಅವನು ಆಫೀಸಿನಲ್ಲಿ ಎಸಿ ಕೆಳಗೆ ಕೂತಿದ್ದಾಗಲೂ ಅದು ಹೋಗ್ತಾ ಇರುತ್ತೆ. ಬಿಸಿಲು ಏರಿದಷ್ಟೂ ಹೆಚ್ಚು. ಮತ್ತೆ ಅದು ಹೋಗೋದಾದ್ರೂ ಎಲ್ಲಿಗೆ? ಬೇ ಏರಿಯಾದ ಗಾಳಿ ಸಮುದ್ರದ ಕಡೆಯಿಂದ ಬೀಸಿ, ಆಲ್ಟಮಾಂಟ್ ಕಣಿವೆ ದಾಟಿ, ಒಳನಾಡಿನ ಸೆಂಟ್ರಲ್ ವ್ಯಾಲಿಗೆ ಹರಿಯುತ್ತೆ. ಸುತ್ತ ಬೆಟ್ಟ ಇರುವ ಆ ತಗ್ಗಿನಲ್ಲಿ ಗಾಳಿ ನಿಂತುಬಿಡುತ್ತೆ. ಫ್ರೆಸ್ನೊ, ಬೇಕರ್ಸ್‌ಫೀಲ್ಡ್ ಓಝೋನ್ ವಿಷಯದಲ್ಲಿ ಅಮೆರಿಕದಲ್ಲೇ ಅತಿ ಕೆಟ್ಟ ಗಾಳಿಯ ಊರುಗಳ ಸಾಲಿನಲ್ಲಿವೆ. ಅವರದೇ ಲಾರಿಗಳು, ಅವರದೇ ಹೆದ್ದಾರಿ, ಅವರದೇ ತೈಲಬಾವಿಗಳ ಪಾಲು ದೊಡ್ಡದು. ಆದರೂ ನಮ್ಮ ಕಡೆಯಿಂದ ಹೋದದ್ದೂ ಅದಕ್ಕೆ ಸೇರುತ್ತೆ. ಆ ಕಣಿವೆಯಲ್ಲಿ ದ್ರಾಕ್ಷಿ, ಬಾದಾಮಿ, ಟೊಮೇಟೊ ತೋಟಗಳಿವೆ. ಓಝೋನ್ ಏರುವ ಮಧ್ಯಾಹ್ನದ ಹೊತ್ತಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಬಗ್ಗಿ ಕೆಲಸ ಮಾಡುತ್ತಿರುವವರು ಮೆಕ್ಸಿಕೋ ಮೂಲದ ಕೂಲಿಕಾರರು. ಆ ಹೆದ್ದಾರಿಯಲ್ಲಿ ಹೋಗುವಾಗ ದೂರದಿಂದ ನೋಡಿದರೆ ನನಗೆ ನಮ್ಮೂರ ಕಳೆ ಕೀಳುವ ಸಾಲೇ ಕಾಣುತ್ತೆ. ಹೊಲದಲ್ಲಿ ದುಡಿಯೋರು ಉಳಿದವರಿಗಿಂತ ಜೋರಾಗಿ ಉಸಿರಾಡ್ತಾರೆ. ಇದು ನೀತಿಯ ಮಾತಲ್ಲ, ದೇಹದ ಲೆಕ್ಕ.

ಒಂದು ಅರ್ಧ ಮಿಲಿಮೀಟರ್ ತೂತಿನಿಂದ ಅವರಲ್ಲಿ ಯಾರಿಗಾದರೂ ಕೆಮ್ಮು ಬರುತ್ತಾ? ಇಲ್ಲ. ನನ್ನ ಗೆಳೆಯ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಈ ಲೆಕ್ಕದಲ್ಲಿ ಯಾರ ತೂತಿನಿಂದಲೂ ಯಾರಿಗೂ ಕೆಮ್ಮು ಬರೋದಿಲ್ಲ. ಕೆರೆಯ ಏರಿಯಿಂದ ಒಂದು ಬುಟ್ಟಿ ಮಣ್ಣು ಒಯ್ದರೆ ಕೆರೆ ಒಡೆಯಲ್ಲ. ಹಾಗಂತ ಊರಿನವರೆಲ್ಲ ಒಂದೊಂದು ಬುಟ್ಟಿ ಒಯ್ದ ಮೇಲೆ ಒಡೆಸಿದವನು ಯಾರು ಅಂತ ಹುಡುಕಿದರೆ ಒಬ್ಬನೂ ಸಿಗೋದಿಲ್ಲ. ನನ್ನ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು ಅನ್ನೋದು ನಿಜವಾದ ಮಾತೇ. ಅದು ಎಲ್ಲರ ಬಾಯಲ್ಲೂ ನಿಜ, ಅಲ್ಲೇ ಇರೋದು ತೊಂದರೆ.

ಇನ್ನು ಸಂದಿಯ ಮಾತು. ಇದು ನನಗೆ ಹೆಚ್ಚು ಕಷ್ಟದ್ದು, ಯಾಕಂದ್ರೆ ಇದು ನನ್ನ ಕಸುಬಿಗೆ ಸೇರಿದ್ದು.

ಪರೀಕ್ಷೆ ಮುಗಿದಿಲ್ಲ ಅನ್ನೋದು ಒಂದು ಉತ್ತರ. ಅದನ್ನು ಕೊಡುವಾಗ ಕಾರು ಹೇಳ್ತಿರೋದು, ನನಗೆ ಗೊತ್ತಿಲ್ಲ, ನೋಡೋಕೆ ಅವಕಾಶ ಸಿಕ್ಕಿಲ್ಲ ಅಂತ. ನಿಯಮ ಮಾಡಿದವರು ಆ ಅಜ್ಞಾನಕ್ಕೆ ಮರ್ಯಾದೆ ಕೊಟ್ಟು ವಿನಾಯಿತಿ ಇಟ್ಟಿದ್ದಾರೆ. ಗೆಳೆಯನ ಕಾರಿಗೆ ಗೊತ್ತಿತ್ತು. ಅದು ನೋಡಿತ್ತು, ಸೋರಿಕೆ ಕಂಡಿತ್ತು, ದೀಪ ಹಚ್ಚಿ ಹೇಳಿಯೂ ಆಗಿತ್ತು. ಅದರ ಬಾಯಲ್ಲಿ ಗೊತ್ತಿಲ್ಲ ಅಂತ ಹೇಳಿಸೋದು ವಿನಾಯಿತಿ ಬಳಸಿಕೊಂಡಂತಲ್ಲ. ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡ ಹುಡುಗನಿಗೆ ಮತ್ತೊಂದು ಅವಕಾಶ ಕೊಡ್ತಾರೆ ಅಂತ, ಬರೆದ ಉತ್ತರಪತ್ರಿಕೆ ಹರಿದುಹಾಕಿ ಜ್ವರ ಇತ್ತು ಸಾರ್ ಅಂದ ಹಾಗೆ. ಸರ್ಕಾರದವರಿಗೂ ಈ ಜಾತಿಯ ಕೈಚಳಕ ಗೊತ್ತಿದೆ. 2021ರ ಜುಲೈನಿಂದ ಇಲ್ಲಿನ ಸ್ಮಾಗ್ ಚೆಕ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಕಂಪನಿಯದ್ದೋ, ಅನುಮತಿ ಪಡೆದದ್ದೋ ಅಥವಾ ಯಾರಾದರೂ ತಿದ್ದಿದ್ದೋ ಅಂತಲೂ ನೋಡ್ತಾರೆ. ತಿದ್ದಿದ್ದಾದರೆ ಫೇಲ್.

ಈ ಜಾಗದಲ್ಲಿ ಫೋಕ್ಸ್‌ವ್ಯಾಗನ್ ನೆನಪಾಗದೇ ಇರೋದಿಲ್ಲ. ಆ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಸ್ಟೀರಿಂಗ್ ಎಷ್ಟು ತಿರುಗಿದೆ, ವೇಗ ಹೇಗೆ ಏರಿಳಿಯುತ್ತಿದೆ, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ನೋಡಿ, ಓಹೋ ಇದು ಪರೀಕ್ಷೆ ಅಂತ ಗುರುತು ಹಿಡಿಯುತ್ತಿತ್ತು. ಆಗ ಮಾತ್ರ ಹೊಗೆ ಹತೋಟಿಯನ್ನು ಪೂರ್ತಿ ಕೆಲಸಕ್ಕೆ ಹಚ್ಚುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ ಹೋಗುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಅದರ ಎಳೆ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡಕ್ಕೆ. ಅಳೆಯುವ ಯಂತ್ರಗಳನ್ನು ಕಾರಿನ ಡಿಕ್ಕಿಗೇ ತುಂಬಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿ ಅಳೆದರು. ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಈ ವಿಷಯ ಓದಿದ ದಿನ ನನಗೆ ಆದ ಖುಷಿ ಸ್ವಲ್ಪ ಬಾಲಿಶವೇ ಇರಬಹುದು, ಇರಲಿ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಂಪನಿಗೆ ನೋಟಿಸ್ ಕೊಟ್ಟಿತು. 2017ರಲ್ಲಿ ಜೇಮ್ಸ್ ಲಿಯಾಂಗ್ ಅನ್ನೋ ಎಂಜಿನಿಯರ್‌ಗೆ 40 ತಿಂಗಳು ಜೈಲಾಯಿತು.

ಆ ಕೋಡ್ ಬರೆದವರು ರಾಕ್ಷಸರಲ್ಲ ಅಂತ ನನ್ನ ಊಹೆ. ನಮ್ಮ ಹಾಗೇ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ, ಕಾಫಿ ಕುಡಿದು, ಒಂದು ಷರತ್ತಿನ ಸಾಲು ಬರೆದವರು. ಮೇಲಿನವರು ಕೇಳಿದ್ದಾರೆ, ಗಡುವು ಹತ್ತಿರ ಇದೆ, ಒಂದೇ ಒಂದು ಇಫ್. ಗೆಳೆಯ ನನ್ನ ಹತ್ತಿರ ಕೇಳಿದ್ದೂ ಒಂದೇ ಒಂದು ಇಫ್. ಅವರದು 1 ಕೋಟಿ 10 ಲಕ್ಷ ಕಾರು, ಇವನದು ಒಂದು. ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ಇವನನ್ನು ಅವರ ಪಕ್ಕ ನಿಲ್ಲಿಸಿದರೆ ಅನ್ಯಾಯ. ಆದರೆ ಕೆಲಸದ ಬಗೆ ಒಂದೇ. ಮನುಷ್ಯರು ಮೂಗಿನಿಂದ ನೋಡೋದು ಬಿಟ್ಟು, ಯಂತ್ರದ ಸಾಕ್ಷಿಯನ್ನೇ ನಂಬುವ ಕಡೆಯಲ್ಲಿ, ಸಾಕ್ಷಿಯ ನಾಲಿಗೆ ತಿದ್ದೋದು. ಆ ನಾಲಿಗೆ ಇರೋದು ನನ್ನಂಥವರ ಕೈಯಲ್ಲಿ. ಮೆಕ್ಯಾನಿಕ್ ಕನ್ವರ್ಟರ್ ಕಿತ್ತರೆ ಬಗ್ಗಿ ನೋಡಿದವರಿಗೆ ಕಾಣುತ್ತೆ. ನಾವು ಕಿತ್ತರೆ ಕಾಣೋದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈ ಕಾನೂನು ದೇವರ ವಾಕ್ಯ ಅಂತ ನಾನು ಒಪ್ಪಿದ್ದೀನಿ ಅಂದ್ಕೋಬೇಡಿ. ಇದರಲ್ಲಿ ಸಿಟ್ಟು ಬರಿಸುವ ಸಂಗತಿಗಳಿವೆ. 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ಕೇ ಇಲ್ಲ. ಗ್ಯಾರೇಜಿನಲ್ಲಿ ಹಳೇ ಕಾರು ಇಟ್ಟುಕೊಂಡು ಭಾನುವಾರ ಹೊರಡುವ ಶ್ರೀಮಂತ ನಿರಾಳ. 1998ರ ಕ್ಯಾಮ್ರಿಯಲ್ಲಿ ಎರಡು ಕಡೆ ಕೆಲಸಕ್ಕೆ ಹೋಗುವ ಹೆಂಗಸು ಟ್ರೆಡ್‌ಮಿಲ್ ಥರದ ಉರುಳೆ ಮೇಲೆ ಕಾರು ಹತ್ತಿಸಿ, ಎದೆ ಡವಡವ ಅಂತಿರುವಾಗ ಪ್ರಿಂಟ್ ಬರೋದನ್ನು ಕಾಯಬೇಕು. ರಿಪೇರಿಗೆ ಬಡವರಿಗೆ ರಾಜ್ಯದ ಸಹಾಯಧನ ಇದೆ, ಆದರೂ ಅರ್ಜಿ ಹಾಕೋಕೆ ರಜೆ ಹಾಕಬೇಕಲ್ಲ. ಹೊಸ ದೈತ್ಯ ಪಿಕಪ್ ಟ್ರಕ್ ಕೊಂಡವನನ್ನು ಯಾರೂ ಏನೂ ಕೇಳಲ್ಲ, ಅವನ ಪೆಟ್ರೋಲ್ ಖರ್ಚು ನನ್ನ ಗೆಳೆಯನದರ ಎರಡರಷ್ಟಿದ್ದರೂ. ಇದನ್ನೆಲ್ಲ ಗೆಳೆಯ ನನಗೆ ಹೇಳಿದ, ನಾನು ಹೌದೌದು ಅಂದೆ. ಕಾನೂನು ಎಲ್ಲರ ಮೇಲೂ ಸಮನಾಗಿ ಬೀಳದಿದ್ದರೆ ನಾನು ಯಾಕೆ ಪಾಲಿಸಬೇಕು ಅನ್ನೋದು ಮೂರ್ಖ ಪ್ರಶ್ನೆ ಅಲ್ಲ.

ಅದಕ್ಕೆ ನನ್ನ ಹತ್ತಿರ ಇರೋದು ಅರ್ಧ ಉತ್ತರ. ಆ ಅಸಮಾನತೆಗೆ ಬೆಲೆ ತೆತ್ತವರು ನಾವಲ್ಲ. ಇಬ್ಬರು ಸಾಫ್ಟ್‌ವೇರ್ ಸಂಬಳದವರು, ಶೋಕಿಗೆ ಎಂಜಿನ್ ಬದಲಿಸಿದವರು ಮತ್ತು ಅವರ ಗೆಳೆಯರು. ಕ್ಯಾಮ್ರಿಯ ಹೆಂಗಸು ಬಂದು ಇದೇ ಪ್ರಶ್ನೆ ಕೇಳಿದರೆ ನನಗೆ ಬೇರೆ ಉತ್ತರ ಹುಡುಕಬೇಕಾಗುತ್ತೆ, ಸಿಗುತ್ತೆ ಅನ್ನೋ ಧೈರ್ಯ ಇಲ್ಲ. ಅವಳ ಕಷ್ಟವನ್ನು ನಮ್ಮ ಶೋಕಿಗೆ ಗುರಾಣಿ ಮಾಡಿಕೊಳ್ಳೋದು ಮಾತ್ರ ಸರಿ ಕಾಣಲಿಲ್ಲ.

ಇನ್ನೊಂದು ಮಾತನ್ನೂ ಅವನು ಹೇಳಿದ್ದ. ಇದು ಈ ಹವ್ಯಾಸದವರೆಲ್ಲರ ಬಾಯಲ್ಲಿ ಬರೋದು: ನನ್ನ ಎಂಜಿನ್ ಹಳೇದಕ್ಕಿಂತ ಶುದ್ಧ, ಬೇಕಾದ್ರೆ ಅಳೆದು ನೋಡಲಿ, ಪಟ್ಟಿ ಹಿಡಿದು ಭಾಗ ಯಾಕೆ ಎಣಿಸ್ತಾರೆ? ಒಳ್ಳೇ ಪ್ರಶ್ನೆ. ಆದರೆ ಹತ್ತು ನಿಮಿಷ ಅಳೆದರೆ ಸಿಗೋದು ಆ ಹತ್ತು ನಿಮಿಷದ ಸತ್ಯ. ಮುಂಜಾನೆ ತಣ್ಣಗಿನ ಎಂಜಿನ್ ಶುರುವಾದ ಮೊದಲ ಒಂದೆರಡು ನಿಮಿಷ ಕನ್ವರ್ಟರ್ ಇನ್ನೂ ಬಿಸಿಯಾಗಿರೋದಿಲ್ಲ, ಇವತ್ತಿನ ಕಾರುಗಳ ಕೊಳಕಿನಲ್ಲಿ ದೊಡ್ಡ ಪಾಲು ಆಗಲೇ ಬರೋದು. ರಾತ್ರಿ ನಿಂತಾಗಿನ ಆವಿ ಸೈಲೆನ್ಸರ್‌ನಲ್ಲಿ ಸಿಗೋದೇ ಇಲ್ಲ. ಇವನ್ನೆಲ್ಲ ಕಂಪನಿಯವರು ಪ್ರಯೋಗಾಲಯದಲ್ಲಿ, ಈ ಎಂಜಿನ್, ಈ ಕನ್ವರ್ಟರ್, ಈ ಕ್ಯಾನಿಸ್ಟರ್, ಈ ಕಂಪ್ಯೂಟರ್ ಒಟ್ಟಿಗೆ ಇರುವಾಗ ಅಳೆದು ಪ್ರಮಾಣಪತ್ರ ಪಡೆದಿರ್ತಾರೆ. ಒಂದನ್ನು ಬಿಟ್ಟರೆ ಆ ಅಳತೆ ನಮ್ಮ ಕಾರಿಗೆ ಅನ್ವಯಿಸೋದಿಲ್ಲ. ನಮ್ಮ ಕಸುಬಿನಲ್ಲಿ "ನನ್ನ ಮೆಷಿನ್‌ನಲ್ಲಿ ಓಡ್ತಾ ಇದೆ" ಅಂತ ಒಂದು ಜೋಕ್ ಇದೆ. ಹಾಗಂದವನ ಕೋಡನ್ನು ಯಾರೂ ಹಾಗೇ ಗ್ರಾಹಕರಿಗೆ ಕಳಿಸೋದಿಲ್ಲ. ಗೆಳೆಯನ ಕಾರು ನಾಳೆ ಬೇರೆಯವರಿಗೆ ಮಾರಾಟವಾಗುತ್ತೆ. ಕೊಂಡವರಿಗೆ ಅವನ ಒಳ್ಳೇತನ ಗೊತ್ತಿಲ್ಲ, ಲೇಬಲ್ ಗೊತ್ತು.

ಮುಂದೆ ಏನಾಯ್ತು ಅಂದ್ರೆ, ಅವನು ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಗ್ಯಾರೇಜಿನಲ್ಲಿ ಹೊಗೆ ಯಂತ್ರ ಹಾಕಿಸಿದ. ಆವಿಯ ಪೈಪಿನೊಳಗೆ ಬಿಳಿ ಹೊಗೆ ತುಂಬಿಸಿ, ಎಲ್ಲಿಂದ ಹೊರಗೆ ಬರುತ್ತೆ ಅಂತ ಟಾರ್ಚ್ ಹಿಡಿದು ನೋಡೋದು, ಅಷ್ಟೇ ಅದರ ವಿದ್ಯೆ. ಟ್ಯಾಂಕಿನ ನೆತ್ತಿಯ ಮೇಲೆ, ಕೈ ಹೋಗದ ಕಡೆ, ಹಳೇ ಸಿವಿಕ್‌ನದೇ ಒಂದು ರಬ್ಬರ್ ಪೈಪು ಸೀಳಿತ್ತು. ಹೊಸ ಎಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಟ್ಯಾಂಕ್ ಇಳಿಸಿ ಬದಲಿಸಿದ, ದೀಪ ಆರಿತು. ರೆಫರಿ ಇದ್ದದ್ದು ಒಂದು ಕಮ್ಯೂನಿಟಿ ಕಾಲೇಜಿನ ಆವರಣದಲ್ಲಿ, ನಾನೂ ಜೊತೆಗೆ ಹೋಗಿದ್ದೆ. ನಡುವಯಸ್ಸಿನ ಮನುಷ್ಯ, ನಗು ಇಲ್ಲ, ಬೈಗುಳವೂ ಇಲ್ಲ. ಬಾನೆಟ್ ಕೆಳಗೆ ತುಂಬ ಹೊತ್ತು ನೋಡಿದ. ಲೇಬಲ್ ಅಂಟಿಸುವಾಗ, ವೈರಿಂಗ್ ಅಚ್ಚುಕಟ್ಟಾಗಿದೆ ಅಂತ ಒಂದು ಮಾತು ಹೇಳಿದ. ಗೆಳೆಯ ಆ ಒಂದು ಮಾತನ್ನು ಮೂರು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಈಗ ಅವನ ಕಣ್ಣು 1969ರ ಒಂದು ಡಟ್ಸನ್ 510 ಮೇಲೆ ಬಿದ್ದಿದೆ. ಹುಟ್ಟಿದಾಗಲೇ ಅದಕ್ಕೆ ಕ್ಯಾನಿಸ್ಟರ್ ಇರಲಿಲ್ಲ, ಸ್ಮಾಗ್ ಚೆಕ್ಕೂ ಇಲ್ಲ, ಅದರ ಟ್ಯಾಂಕಿನ ಆವಿ ಕಾನೂನುಬದ್ಧವಾಗಿಯೇ ಗಾಳಿಗೆ ಹೋಗುತ್ತೆ. ಅದಕ್ಕೂ ಬೇರೆ ಎಂಜಿನ್ ಹಾಕ್ತಾನಂತೆ. ಕ್ಯಾನಿಸ್ಟರ್ ಹಾಕ್ತೀಯೇನೋ ಅಂತ ನಾನಿನ್ನೂ ಕೇಳಿಲ್ಲ.